ಹಿಟ್ಟಿನ ಹುಂಜ, ರಬ್ಬರಿನ ಕಪ್ಪೆ

"ಬಿಡೋದಾದ್ರೆ ಹಿಡಿಯೋದ್ಯಾಕೋ?"

ನನ್ನ ಸೋದರಮಾವ ಈ ಪ್ರಶ್ನೆ ಕೇಳಿ ಮೂರು ವರ್ಷದ ಮೇಲಾಯಿತು. ಕೇಳಿದ್ದು ಬೂದಿಕೋಟೆಯ ಅವರ ಮನೆಯ ಜಗಲಿಯಲ್ಲಿ, ನಾನು ಫೋನಿನಲ್ಲಿ ಒಂದರ ಹಿಂದೊಂದು ಮೀನಿನ ಫೋಟೋ ತೋರಿಸುತ್ತಿದ್ದಾಗ. ಹಿಡಿದ ಪ್ರತಿಯೊಂದನ್ನೂ ನೀರಿಗೆ ಬಿಟ್ಟಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದ್ದೆ. ಅವರು ಕಿಚಾಯಿಸಲು ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ನಾನು ಏನೋ ಹೇಳಿ ಜಾರಿಕೊಂಡೆ. ಪಿಎಚ್‌ಡಿ ಮಾಡುವವರಿಗೆ ಜಾರಿಕೊಳ್ಳುವ ಉತ್ತರಗಳಿಗೆ ಬರವಿಲ್ಲ.

ಬೂದಿಕೋಟೆ ಬಂಗಾರಪೇಟೆ ತಾಲ್ಲೂಕಿನ ಊರು. ಹೈದರಾಲಿ ಹುಟ್ಟಿದ ಊರು ಎಂದು ಪಠ್ಯಪುಸ್ತಕದಲ್ಲಿ ಓದಿದವರಿಗೆ ಹೆಸರು ನೆನಪಿರಬಹುದು. ಬೆಟ್ಟದ ಮೇಲೆ ಪಾಳುಬಿದ್ದ ಕೋಟೆ, ಕೆಳಗೆ ಊರು, ಅದರಾಚೆ ಕೆರೆಗಳು, ಇನ್ನೂ ಆಚೆ ಮಾರ್ಕಂಡೇಯ ಜಲಾಶಯ. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಮೀನು ಹಿಡಿಯುವವರೂ ಮಳೆಯ ದಾರಿ ನೋಡಬೇಕು. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷಗಳಿಂದ ಒಣಗಿ ಬಿದ್ದಿದ್ದ ಕೆರೆಗಳು ಕೋಡಿ ಹರಿದವು. ಬೆಂಗಳೂರಿನ ಹಾಸ್ಟೆಲ್ಲಿನಿಂದ ನಾನು ತಿಂಗಳಿಗೆರಡು ಸಲ ಊರಿಗೆ ಬರತೊಡಗಿದ್ದು ಆಮೇಲೆ. ಮಾವನ ಮೇಲಿನ ಪ್ರೀತಿಗೆ ಎಂದು ಮನೆಯವರು ತಿಳಿದಿದ್ದರು. ಅದು ಅರ್ಧ ನಿಜ.

ಮಾವನ ಗಾಳ ಮತ್ತು ನನ್ನ ಗಾಳ ಎರಡು ಬೇರೆ ಲೋಕದವು. ಅವರದು ಬಿದಿರಿನ ಕಡ್ಡಿ, ನೈಲಾನ್ ದಾರ, ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಬೆಂಡು, ಒಂದು ಸೀಸದ ಗುಂಡು. ಅವರ ಪ್ರಕಾರ ಗಾಳದ ವಿದ್ಯೆಯೆಲ್ಲ ಇರುವುದು ಆಳದಲ್ಲಿ. ಮೊದಲು ದಾರಕ್ಕೆ ಒಂದು ಕಲ್ಲು ಕಟ್ಟಿ ಇಳಿಬಿಟ್ಟು ತಳ ಎಷ್ಟು ಮೊಳಕ್ಕಿದೆ ನೋಡುತ್ತಾರೆ. ಆಮೇಲೆ ಇವತ್ತು ಯಾವ ಮೀನು ಬೇಕು ಎಂದು ತಾವೇ ನಿರ್ಧರಿಸಿ ಬೆಂಡನ್ನು ಮೇಲಕ್ಕೋ ಕೆಳಕ್ಕೋ ಸರಿಸುತ್ತಾರೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುವ ಮೀನು. ಅದಕ್ಕೆ ಎರೆ ಒಂದು ಮೊಳಕ್ಕಿಂತ ಕೆಳಗಿಳಿಯಬಾರದು. ರೋಹು ನಡುನೀರಿನದು. ಮೃಗಾಲ್ ತಳದಲ್ಲಿ ಕೆಸರು ಕೆದಕಿಕೊಂಡಿರುತ್ತದೆ, ಅದಕ್ಕೆ ಎರೆ ನೆಲ ಮುಟ್ಟಿರಬೇಕು. ಮೀನುಗಾರಿಕೆ ಕಾಲೇಜಿನವರು ಒಂದೇ ಕೆರೆಗೆ ಈ ಮೂರನ್ನೂ ಒಟ್ಟಿಗೆ ಬಿಡಲು ಹೇಳುವುದು ಇದೇ ಕಾರಣಕ್ಕೆ, ಒಂದರ ತಟ್ಟೆಗೆ ಇನ್ನೊಂದು ಕೈಹಾಕುವುದು ಕಡಿಮೆ. ಮಾವ ಕಾಲೇಜು ನೋಡಿದವರಲ್ಲ. ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಸೇರಿಸಿ ನಾದಿದ ಉಂಡೆ ದೊಡ್ಡ ಮೀನಿಗೆ, ಎರೆಹುಳು ಜಿಲೇಬಿಗೆ. ಜಿಲೇಬಿ ಎಂದರೆ ತಿಲಾಪಿಯ. ಅದು ಎಷ್ಟು ಆಳದಲ್ಲೂ ಸಿಗುತ್ತದೆ, ಏನು ಕೊಟ್ಟರೂ ತಿನ್ನುತ್ತದೆ, ಆದ್ದರಿಂದ ಮಾವನಿಗೆ ಅದರ ಮೇಲೆ ಗೌರವ ಇಲ್ಲ.

ಆಳದ ಬಗ್ಗೆ ಇಷ್ಟು ಮಾತಾಡುವ ಈ ಮನುಷ್ಯ ಇಪ್ಪತ್ತು ವರ್ಷ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ರೀಫ್‌ಗೆ ಹೋಗಿ ಬಂದವರು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದು ಅದು, ಮೂರು ಕಿಲೋಮೀಟರಿಗೂ ಹೆಚ್ಚು. ಭೂಮಿಯೊಳಗೆ ಅಷ್ಟು ದೂರ ಇಳಿದವರು ಈಗ ಎರಡು ಮೊಳವೋ ಎರಡೂವರೆ ಮೊಳವೋ ಎಂದು ನನ್ನೊಡನೆ ವಾದಕ್ಕೆ ನಿಲ್ಲುತ್ತಾರೆ.

ನನ್ನದು ಫೈಬರ್ ರಾಡು, ತಿರುಗುವ ರೀಲು, ಹೆಣೆದ ದಾರ, ಮತ್ತು ಎರೆಯ ಬದಲಿಗೆ ಲೂರ್. ಲೂರ್ ಎಂದರೆ ಹುಸಿ ಎರೆ. ನನ್ನ ಪೆಟ್ಟಿಗೆಯಲ್ಲಿ ಹೊಳೆಯುವ ಚಮಚದಂಥವು, ಮರಿಮೀನಿನಂತೆ ಬಳುಕುವವು ಎಲ್ಲ ಇವೆ. ಆದರೆ ನಾನು ಸಾಮಾನ್ಯವಾಗಿ ಕಟ್ಟುವುದು ಒಂದನ್ನೇ: ಒಳಗೆ ಟೊಳ್ಳಾದ ರಬ್ಬರಿನ ಕಪ್ಪೆ. ಬೆನ್ನಿಗೆ ಅಂಟಿಕೊಂಡ ಎರಡು ಕೊಕ್ಕೆ, ಹಿಂದೆ ದಾರದ ಕುಚ್ಚಿನ ಕಾಲು. ಅಮೆರಿಕದವರು ಅದನ್ನು ರೂಪಿಸಿಕೊಂಡದ್ದು ತಮ್ಮ ಬಾಸ್ ಮೀನಿಗೆ. ಬಾಸ್ ಎಂಬ ಮೀನು ನಮ್ಮ ಕೆರೆಗಳಲ್ಲಿ ಇಲ್ಲ. ಅದರ ಸ್ವಭಾವದ ಮೀನು ಇದೆ. ಕೊರವ ಎಂದು ನಾವು, ಕೊರಮೀನು ಎಂದು ತೆಲುಗಿನವರು, ವಿರಾಲ್ ಎಂದು ಕೆಜಿಎಫ್‌ನ ತಮಿಳರು ಕರೆಯುವ ಮೀನು. ಹಾವಿನ ತಲೆ, ಗಟ್ಟಿ ದವಡೆ. ಜೊಂಡಿನ ಅಂಚಿನಲ್ಲಿ, ಮೊಣಕಾಲುದ್ದದ ನೀರಿನಲ್ಲಿ, ತಾವರೆ ಎಲೆಯ ಕೆಳಗೆ ಅಲ್ಲಾಡದೆ ಹೊಂಚುತ್ತದೆ. ಬಾಸ್‌ಗಿಲ್ಲದ ಒಂದು ಗುಣ ಇದಕ್ಕಿದೆ. ಗಾಳಿ ಕುಡಿಯದೆ ಬದುಕಲಾರದು. ಆಗಾಗ ಮೇಲೆ ಬಂದು ಗುಳುಂ ಎಂದು ಒಂದು ಗುಟುಕು ಎಳೆದುಕೊಂಡು ಹೋಗುತ್ತದೆ. ಕೆರೆ ಬತ್ತಿದಾಗ ಕೆಸರಿನಲ್ಲಿ ಹೂತುಕೊಂಡು ಬದುಕುವುದು ಅದೇ ಗುಣದಿಂದ, ಮೇಲೆ ನಿಂತವನಿಗೆ ತಾನಿರುವ ಜಾಗ ತೋರಿಸಿಕೊಡುವುದೂ ಅದೇ ಗುಣದಿಂದ.

ಹಾಗಾಗಿ ನನಗೆ ಆಳದ ನೀರು ಬೇಡ. ತೂಬಿನ ಹತ್ತಿರದ ಕಪ್ಪು ನೀರು ಮಾವನಿಗಿರಲಿ. ಬೆಳಗಿನ ಜಾವ ಕೆರೆಯ ಹಿಂಬದಿ, ಅಂಗಳದ ಕಡೆ, ಹುಲ್ಲು ನೀರಿಗಿಳಿಯುವ ಗೆರೆಯ ಉದ್ದಕ್ಕೂ ನಡೆಯುತ್ತೇನೆ. ಎಲೆಗಳ ಮೇಲೆ ಕಪ್ಪೆಯನ್ನು ಎಸೆದು, ಒಂದೆರಡು ಕುಪ್ಪಳಿಸಿ, ನಿಲ್ಲಿಸಿ, ಮತ್ತೆ ಎಳೆದರೆ, ಎಲ್ಲ ಸರಿಯಿದ್ದ ದಿನ, ನೀರು ಒಡೆದು ಬಾಯಿ ತೆರೆಯುತ್ತದೆ. ಆ ಕ್ಷಣದ ಸುಖವನ್ನು ಕಡಿಮೆ ಮಾಡಿ ಹೇಳಿದರೆ ಸುಳ್ಳಾಗುತ್ತದೆ. ಮೊಣಕೈವರೆಗೆ ನಡುಕ ಬರುತ್ತದೆ. ಮಾವನ ಬೆಂಡು ಮೆಲ್ಲಗೆ ಮುಳುಗುವುದರಲ್ಲಿ ಅದು ಇಲ್ಲ.

ರಬ್ಬರಿನ ಕಪ್ಪೆಯನ್ನು ಆರಿಸಿಕೊಂಡದ್ದಕ್ಕೆ ನನಗೊಂದು ನೈತಿಕ ಕಾರಣವೂ ಇತ್ತು. ಚಿಕ್ಕಂದಿನಲ್ಲಿ ಮಾವ ಕೊರವಕ್ಕೆ ಜೀವಂತ ಕಪ್ಪೆಮರಿ ಚುಚ್ಚುವುದನ್ನು ನೋಡಿದ್ದೆ. ತೊಡೆಯಲ್ಲಿ ಕೊಕ್ಕೆ ತೂರಿಸಿ, ಅದು ಈಜಾಡುತ್ತಿರಲಿ ಎಂದು ನೀರಿಗೆ ಬಿಡುವುದು. ನಾನು ಮುಖ ತಿರುಗಿಸಿದ್ದೆ. ಈಗ ನನ್ನ ಕಪ್ಪೆಗೆ ಜೀವವಿಲ್ಲ. ಕೊಕ್ಕೆಯ ಮುಳ್ಳು ಒತ್ತಿ ಚಪ್ಪಟೆ ಮಾಡಿರುತ್ತೇನೆ, ಮೀನಿನ ಬಾಯಿ ಹರಿಯುವುದಿಲ್ಲ. ಒದ್ದೆ ಕೈಯಲ್ಲಿ ಹಿಡಿದು, ಫೋಟೋ ತೆಗೆದು, ನೀರಿಗೆ ಬಿಟ್ಟು, ಅದು ಹೋಗುವವರೆಗೆ ನಿಂತಿರುತ್ತೇನೆ. ಕಪ್ಪೆಯೂ ಸಾಯಲಿಲ್ಲ, ಮೀನೂ ಸಾಯಲಿಲ್ಲ. ಇದರಲ್ಲಿ ಹಿಂಸೆ ಎಲ್ಲಿದೆ?

ಈ ಪ್ರಶ್ನೆ ಹೀಗೆ ಹೊಳೆದಾಗ ನಾನು ಎಚ್ಚರಗೊಳ್ಳಬೇಕಿತ್ತು. ನನ್ನ ಸಂಶೋಧನೆ ಹಳಗನ್ನಡ ಜೈನ ಕಾವ್ಯಗಳಲ್ಲಿ ಹಿಂಸೆಯ ಕಲ್ಪನೆಯನ್ನು ಕುರಿತದ್ದು. ಜನ್ನನ 'ಯಶೋಧರ ಚರಿತೆ' ನನ್ನ ಮೇಜಿನ ಮೇಲೆ ಸದಾ ಇರುತ್ತದೆ. 1209ರ ಕಾವ್ಯ. ಕಥೆ ಎಲ್ಲರಿಗೂ ಗೊತ್ತಿರುವುದೇ. ಮಡದಿ ಅಮೃತಮತಿ ಮಾವುತನೊಬ್ಬನ ಹಿಂದೆ ಹೋದದ್ದನ್ನು ಕಂಡ ರಾಜ, ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆ ಎನ್ನುತ್ತಾನೆ. ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು, ಕನಸಿನ ಕೇಡು ಕಳೆಯುತ್ತದೆ ಎನ್ನುತ್ತಾಳೆ. ಅವನು ಜೀವ ಕೊಲ್ಲಲು ಒಪ್ಪುವುದಿಲ್ಲ. ಕೊನೆಗೆ ಇಬ್ಬರಿಗೂ ಸರಿಹೋಗುವ ದಾರಿ ಸಿಗುತ್ತದೆ: ಹಿಟ್ಟಿನ ಹುಂಜ. ಅದನ್ನು ಕಡಿಯುತ್ತಾರೆ. ಅದು ಎಷ್ಟು ಜೀವಂತವಾಗಿ ಮೂಡಿತ್ತೆಂದರೆ ಬೆಂತರವೊಂದು ಒಳಹೊಕ್ಕು, ಕತ್ತಿ ಬೀಳುವಾಗ ಹುಂಜ ಕೂಗುತ್ತದೆ. ಆ ಒಂದು ಕೊಲೆಯಲ್ಲದ ಕೊಲೆಗೆ ತಾಯಿಮಗ ಇಬ್ಬರೂ ಪ್ರಾಣಿಗಳಾಗಿ ಮತ್ತೆ ಮತ್ತೆ ಹುಟ್ಟಿ ಸಾಯುತ್ತಾರೆ. ಒಂದು ಜನ್ಮದಲ್ಲಿ ಮಗ ಮೀನು, ತಾಯಿ ಮೊಸಳೆ.

ಇದನ್ನು ಸಂಕಲ್ಪ ಹಿಂಸೆಯ ಕಥೆ ಎಂದು ತರಗತಿಯಲ್ಲಿ ಹೇಳುತ್ತೇವೆ. ಕೊಲ್ಲುವ ಮನಸ್ಸು ಮಾಡಿದರೆ ಸಾಕು, ಎದುರಿಗಿದ್ದದ್ದು ಹಿಟ್ಟೋ ಜೀವವೋ ಎಂಬುದು ಲೆಕ್ಕಕ್ಕಿಲ್ಲ. ನಾನು ಇದನ್ನು ನನ್ನ ಅನುಕೂಲಕ್ಕೆ ತಿರುಗಿಸಿಕೊಂಡಿದ್ದೆ. ಮನಸ್ಸೇ ಮುಖ್ಯವಾದರೆ ನನ್ನ ಮನಸ್ಸಿನಲ್ಲಿ ಕೊಲ್ಲುವ ಉದ್ದೇಶವಿಲ್ಲ. ರಾಗಿ ಉಂಡೆ ಕಟ್ಟುವ ಮಾವನ ಮನಸ್ಸಿನಲ್ಲಿದೆ. ಅವರು ಕಣ್ಣಿಟ್ಟಿರುವುದು ಸಾರಿನ ಮೇಲೆ.

ಆಟಕ್ಕಾಗಿ ಮೀನು ಹಿಡಿಯುವುದು ಇಂಗ್ಲಿಷರಿಂದ ಬಂದದ್ದು ಎಂದು ಯಾರಾದರೂ ಹೇಳಿದರೆ ಅದಕ್ಕೂ ಉತ್ತರ ಇಟ್ಟುಕೊಂಡಿದ್ದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ತಿನ್ನಿಸಬೇಕು, ದಾರ ಹೇಗಿರಬೇಕು, ಎಲ್ಲವೂ. ನಮ್ಮ ನಾಡಿನ ಅರಸನೊಬ್ಬ ಇದನ್ನು ವಿನೋದಗಳ ಪಟ್ಟಿಯಲ್ಲಿ ಸಂಗೀತ, ನೃತ್ಯಗಳ ಜೊತೆಗೆ ಸೇರಿಸಿದ್ದಾನೆ. ಅಂದಮೇಲೆ ನಾನು ಪರಂಪರೆಯವನೇ. (ಅರಸರ ವಿನೋದಗಳ ಪಟ್ಟಿಯಲ್ಲಿ ಬೇಟೆಯೂ ಇದೆ ಎಂಬುದನ್ನು ನೆನಪಿಸಿಕೊಳ್ಳದಿರಲು ಸ್ವಲ್ಪ ಶ್ರಮ ಬೇಕಾಗಿತ್ತು.)

ಮೀನಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಯನ್ನೂ ಓದಿಕೊಂಡಿದ್ದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಜೇನ್ನೊಣದ ವಿಷವನ್ನೋ ಆಮ್ಲವನ್ನೋ ಚುಚ್ಚಿ ನೋಡಿದರು. ಮೀನುಗಳು ಅತ್ತಿತ್ತ ತೂಗಾಡಿದವು, ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ತಳದ ಜಲ್ಲಿಗೆ ಉಜ್ಜಿಕೊಂಡವು, ಎಷ್ಟೋ ಹೊತ್ತು ಆಹಾರ ಮುಟ್ಟಲಿಲ್ಲ. ಆಸ್ಟ್ರೇಲಿಯದ ಬ್ರಯಾನ್ ಕೀ, ನೋವು ಅನುಭವಕ್ಕೆ ಬರಲು ಬೇಕಾದ ಮಿದುಳಿನ ಪದರವೇ ಮೀನಿಗಿಲ್ಲ ಎಂದು 2016ರಲ್ಲಿ ವಾದಿಸಿದರು. ವಾದ ಮುಗಿದಿಲ್ಲ. ಆದರೆ ಕಾನೂನುಗಳು ವಾದ ಮುಗಿಯಲಿ ಎಂದು ಕಾಯುವುದಿಲ್ಲ. ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದು ಎನ್ನುತ್ತದೆ ಜರ್ಮನಿಯ 1972ರ ಕಾಯಿದೆ. ತಿನ್ನುವುದು ಸಕಾರಣ, ಫೋಟೋ ತೆಗೆದು ಬಿಡುವುದು ಅಲ್ಲ ಎಂಬುದು ಅದಕ್ಕೆ ಅಲ್ಲಿ ಬೆಳೆದುಬಂದ ಅರ್ಥ. ಸ್ವಿಟ್ಜರ್ಲೆಂಡಿನ 2008ರ ನಿಯಮ ಇನ್ನೂ ನೇರ: ಬಿಡುವ ಉದ್ದೇಶದಿಂದಲೇ ಗಾಳ ಹಾಕುವಂತಿಲ್ಲ. ಅಂದರೆ ಜ್ಯೂರಿಕ್ಕಿನ ಸರೋವರದ ದಡದಲ್ಲಿ ನಾನೂ ಮಾವನೂ ನಿಂತರೆ ದಂಡ ಬೀಳುವುದು ನನಗೆ. ಅಕ್ಷರ ಹೆಚ್ಚು ಕಲಿಯದ ಮಾವ ಕೇಳಿದ್ದು ಆ ಕಾನೂನಿನ ಪ್ರಶ್ನೆಯನ್ನೇ.

ಬಾಸ್ ಮೀನಿನ ವಿಶ್ವದಾಖಲೆ ಈಗಲೂ ಜಾರ್ಜ್ ಪೆರ‍್ರಿ ಎಂಬ ರೈತನ ಹೆಸರಿನಲ್ಲಿದೆ, 1932ರದು, 22 ಪೌಂಡು 4 ಔನ್ಸು. 2009ರಲ್ಲಿ ಜಪಾನಿನಲ್ಲೊಬ್ಬರು ಅದಕ್ಕೆ ಸರಿಸಮನಾದದ್ದನ್ನು ಹಿಡಿದರು. ಪೆರ‍್ರಿ ತನ್ನ ಮೀನನ್ನು ತೂಕ ಹಾಕಿಸಿ ಮನೆಗೆ ಒಯ್ದ, ಮನೆಮಂದಿ ತಿಂದರು. ಅಮೆರಿಕದಲ್ಲಿ ಅದು ಆರ್ಥಿಕ ಕುಸಿತದ ಕಾಲ. ಹಿಡಿದು ಬಿಡುವುದು ಬಾಸ್ ಪಂದ್ಯಗಳಲ್ಲಿ ಶಿಷ್ಟಾಚಾರವಾದದ್ದು ನಲವತ್ತು ವರ್ಷಗಳ ಮೇಲೆ, 1972ರ ಸುಮಾರಿಗೆ. ಇದನ್ನು ಹೇಳಿದಾಗ ಮಾವನಿಗೆ ಪೆರ‍್ರಿ ಬಹಳ ಹಿಡಿಸಿದ. "ಹತ್ತು ಕೆಜಿ ಮೀನು ಬಿಟ್ಟು ಬರೋಕೆ ಅವನಿಗೇನು ಹುಚ್ಚಾ?"

ಇಷ್ಟೆಲ್ಲ ಓದಿಕೊಂಡೂ ನಾನು ಮಾಡಿದ್ದನ್ನು ಈಗ ಹೇಳಬೇಕು.

2022ರ ಸೆಪ್ಟೆಂಬರಿನ ಒಂದು ಭಾನುವಾರ. ಕೆರೆಯ ಹೆಸರು ಬೇಡ. ಅದರ ಮೀನಿನ ಟೆಂಡರು ಹಿಡಿದವರು ಓದುಗರಲ್ಲಿ ಇರಲಾರರು, ಆದರೂ ಬೇಡ. ಸಂಜೆ ನಾಲ್ಕರ ಹೊತ್ತಿಗೆ ಜೊಂಡಿನ ನಡುವಿನ ಒಂದು ಬಯಲು ನೀರಿನಲ್ಲಿ, ಮೊರದಗಲದಷ್ಟು ಜಾಗ ಎಸರು ಕುದಿಯುವ ಹಾಗೆ ಕುದಿಯುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಇಟ್ಟಿಗೆ ಬಣ್ಣದ ನೂರಾರು ಮರಿಗಳು, ಒಂದೊಂದೂ ಬೆರಳಿನ ಒಂದು ಗೆಣ್ಣಿಗಿಂತ ಚಿಕ್ಕವು, ಒಟ್ಟಿಗೆ ಮೇಲೆ ಬಂದು ಗಾಳಿ ಕುಡಿದು ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಕೊರವದ ಮರಿ. ಕೊರವ ಮೊಟ್ಟೆಯಿಟ್ಟು ಹೋಗಿಬಿಡುವ ಮೀನಲ್ಲ. ಮರಿಗಳು ತಾವೇ ಬದುಕಿಕೊಳ್ಳುವಷ್ಟಾಗುವವರೆಗೆ ಕೆಳಗೇ ಇದ್ದು ಕಾಯುತ್ತದೆ, ಹತ್ತಿರ ಬಂದದ್ದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹಾಗೆ ಕಾಯುವಾಗ ಅದು ಕಪ್ಪೆಯನ್ನು ಹೊಡೆಯುವುದು ತಿನ್ನಲಲ್ಲ. ತನ್ನ ಮರಿಗಳ ಮೇಲೆ ಬಂದ ಕಳ್ಳನನ್ನು ಹೊಡೆಯುತ್ತದೆ. ಇದು ಲೂರ್ ಹಾಕುವವರಿಗೆಲ್ಲ ಗೊತ್ತು. ಮರಿಗುಂಪು ಕಂಡರೆ ಮೀನು ಸಿಕ್ಕಿತೆಂದೇ ಲೆಕ್ಕ. ಹಸಿದ ಮೀನು ಅನುಮಾನಿಸಬಹುದು. ಮರಿಯಿರುವ ಮೀನಿಗೆ ಅನುಮಾನಿಸಲು ಪುರುಸೊತ್ತಿಲ್ಲ.

ಮರಿಗಳ ಆಚೆಗೆ ಎಸೆದು ಅವುಗಳ ಮೇಲೆ ಹಾಯುವಂತೆ ಎಳೆದೆ. ಮೂರನೆಯ ಸಲಕ್ಕೆ ಹೊಡೆಯಿತು. ಎರಡು ಕೆಜಿಯ ಹತ್ತಿರ ಇದ್ದಿರಬೇಕು, ನಾನು ಆವರೆಗೆ ಹಿಡಿದದ್ದರಲ್ಲೇ ದೊಡ್ಡದು. ಜೊಂಡಿನಿಂದ ಬಿಡಿಸಿ ತರಲು ಹೊತ್ತಾಯಿತು. ಫೋಟೋ ತೆಗೆದೆ. ಬೆಳಕು ಎದುರಿಗಿತ್ತು, ತಿರುಗಿ ನಿಂತು ಇನ್ನೊಂದು ತೆಗೆದೆ. ನಿಂತಿದ್ದ ದಡದಲ್ಲೇ, ಒದ್ದೆ ಕೈಯಲ್ಲಿ, ಎಲ್ಲ ಕ್ರಮದಂತೆ ಬಿಟ್ಟೆ. ಅದು ಬಾಲ ಬಡಿದು ಹೋಯಿತು. ಯಾವ ಕಡೆಗೆ ಹೋಯಿತು ಎಂದು ನೋಡಲಿಲ್ಲ. ಮಾವನಿಗೆ ತೋರಿಸುವ ಆತುರದಲ್ಲಿದ್ದೆ.

ಮಾವ ಫೋಟೋವನ್ನು ದೂರ ಹಿಡಿದು ನೋಡಿದರು. "ಮರಿ ಇದ್ವಾ?" ಎಂದರು. ಇದ್ದವು ಎಂದೆ. "ಎಷ್ಟೊತ್ತು ಹೊರಗಿಟ್ಕೊಂಡಿದ್ದೆ?" ಹೆಚ್ಚೇನಿಲ್ಲ, ಎರಡು ಮೂರು ನಿಮಿಷ ಎಂದೆ. ಅವರು ಮಾತಾಡದೆ ಚಪ್ಪಲಿ ಮೆಟ್ಟಿಕೊಂಡರು. ನಾನೂ ಹಿಂದೆ ಹೋದೆ.

ಮೊರದಗಲದ ಕುದಿತ ಈಗ ಚೂರುಚೂರಾಗಿ ನಾಲ್ಕೈದು ಕಡೆ ಇತ್ತು. ಒಂದು ಜೊಂಡಿನ ಬುಡದಲ್ಲಿ, ಒಂದು ಬಯಲಿನಲ್ಲಿ, ಹೀಗೆ. ಬಯಲಿನಲ್ಲಿದ್ದದ್ದರ ಕೆಳಗೆ ಜಿಲೇಬಿಗಳ ಬೆನ್ನು ಹೊರಳುತ್ತಿತ್ತು. ಮಿಂಚುಳ್ಳಿಯೊಂದು ಕಡ್ಡಿಯ ಮೇಲಿಂದ ಬಿದ್ದು ಎದ್ದು, ಬಿದ್ದು ಎದ್ದು, ಅದರ ಕೆಲಸ ಅದು ಮಾಡುತ್ತಿತ್ತು. ದೊಡ್ಡ ನೆರಳು ಎಲ್ಲೂ ಕಾಣಲಿಲ್ಲ. ಮಾವ ಕತ್ತಲಾಗುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಮೀನು ಮರಳಿ ಬಂದಿರಬಹುದು, ನಮ್ಮ ನೆರಳು ಕಂಡು ಆಳಕ್ಕಿಳಿದಿರಬಹುದು ಎಂದೆಲ್ಲ ನಾನು ಹೇಳಿದೆ. ಅವರು "ಬಂದಿರಬೌದು" ಎಂದರು.

ಬಾಸ್ ವಿಷಯದಲ್ಲಿ ಇದನ್ನು ಅಧ್ಯಯನ ಮಾಡಿದವರಿದ್ದಾರೆ. ಬಾಸ್‌ನಲ್ಲೂ ಗಂಡು ಗೂಡು ಕಾಯುತ್ತದೆ. ಅದನ್ನು ಹಿಡಿದು ಕೆಲವೇ ನಿಮಿಷಗಳಲ್ಲಿ ಬಿಟ್ಟರೂ ಅಷ್ಟರೊಳಗೆ ಬೇರೆ ಮೀನುಗಳು ಗೂಡಿಗೆ ನುಗ್ಗುತ್ತವೆ. ಎಷ್ಟೋ ಸಲ ದಣಿದ ಗಂಡು ಗೂಡನ್ನೇ ಬಿಟ್ಟುಹೋಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಮರಿಯಾಗುವ ಕಾಲ ಮುಗಿಯುವವರೆಗೆ ಬಾಸ್‌ಗೆ ಗಾಳ ಹಾಕುವುದನ್ನು ಬಹುತೇಕ ಕಡೆ ನಿಷೇಧಿಸಿರುವುದು ಇದರಿಂದಲೇ. ನಾನು ಇದನ್ನೆಲ್ಲ ಓದಿದ್ದು ಆಮೇಲೆ. ಮೊದಲು ಓದಿದ್ದರೆ ಎಸೆಯುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಾರೆ. ಕುದಿಯುವ ನೀರನ್ನು ನೋಡಿದಾಗ ನನ್ನ ಕೈ ತಾನಾಗಿ ರೀಲಿಗೆ ಹೋಗಿತ್ತು.

ಆ ರಾತ್ರಿ ಊಟದ ಹೊತ್ತಿಗೆ ಮಾವ ತಾವಾಗಿ ಹೇಳಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ವರ್ಷದ ಮಳೆಗಾಲದಲ್ಲಿ ಮನೆಯಲ್ಲಿ ಕಾಸಿರಲಿಲ್ಲ. ಅದೇ ಕೆರೆಯಲ್ಲಿ, ಅದೇ ಥರ ಮರಿ ಕಟ್ಟಿಕೊಂಡಿದ್ದ ಜೋಡಿ. ಒಂದೇ ಮಧ್ಯಾಹ್ನದಲ್ಲಿ ಎರಡನ್ನೂ ಹಿಡಿದರು. "ಒಂದು ಬಂಗಾರಪೇಟೆಗೆ ತಗೊಂಡೋಗಿ ಮಾರಿದೆ. ಇನ್ನೊಂದು ಸಾರು ಮಾಡಿದ್ವಿ. ನಿಂಗಾಗ ನಾಕು ವರ್ಷ. ನೀನೂ ತಿಂದಿದ್ದೀಯ."

ಹಸಿವಿತ್ತಲ್ಲ ಮಾವ, ಎಂದೆ. ಅವರನ್ನು ಸಮಾಧಾನಪಡಿಸುವ ನೆಪದಲ್ಲಿ ನನ್ನನ್ನು ಸಮಾಧಾನಪಡಿಸಿಕೊಳ್ಳುತ್ತಿದ್ದೆನೇನೋ. ಅವರು ಮುದ್ದೆ ಮುರಿಯುತ್ತ ಹೇಳಿದರು: "ನಮ್ಮ ಹಸಿವು ಮರಿಗಳಿಗೆ ಗೊತ್ತಾಗ್ತದೇನೋ?"

ಈ ಮಾತು ನನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ಕೆಡಿಸಿದೆ. ನಾನು ಅಲ್ಲಿ ಬರೆದಿದ್ದುದು ಸರಳ: ಅವಶ್ಯಕತೆಯ ಹಿಂಸೆ ಬೇರೆ, ವಿನೋದದ ಹಿಂಸೆ ಬೇರೆ, ಮೊದಲನೆಯದಕ್ಕೆ ಕ್ಷಮೆಯಿದೆ. ಜರ್ಮನಿಯ ಕಾನೂನೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಆದರೆ ಆ ಕ್ಷಮೆಯನ್ನು ಕೇಳಲು ಅರ್ಹರಾದ ಮನುಷ್ಯ ಅದನ್ನು ಕೇಳುತ್ತಿಲ್ಲ. ಇಪ್ಪತ್ತೊಂದು ವರ್ಷ ಆ ಜೋಡಿಯನ್ನು ಲೆಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಮರಿ ಕಟ್ಟಿದ ಮೀನಿನ ತಂಟೆಗೆ ಅಲ್ಲಿಂದೀಚೆಗೆ ಅವರು ಹೋಗಿಲ್ಲ, ಆ ಬಗ್ಗೆ ಯಾರಿಗೂ ಉಪದೇಶವನ್ನೂ ಮಾಡಿಲ್ಲ. ನಾನಾದರೆ ಆ ಭಾನುವಾರ ಮನೆಗೆ ಬರುವಷ್ಟರಲ್ಲಿ ಲೆಕ್ಕ ಚುಕ್ತಾ ಮಾಡಿದ್ದೆ. ಹಿಡಿದೆ, ಬಿಟ್ಟೆ, ಬಾಕಿ ಏನೂ ಇಲ್ಲ. ಬಾಕಿ ಇಲ್ಲದವನು ತಿರುಗಿ ನೋಡುವುದಿಲ್ಲ. ಮೀನು ಯಾವ ಕಡೆ ಹೋಯಿತು ಎಂದು ನಾನು ನೋಡದೆ ಬಂದದ್ದು ಅದಕ್ಕೇ.

ಜನ್ನನ ಕಥೆಯನ್ನು ಆಮೇಲೆ ಮತ್ತೆ ಓದಿದಾಗ ಕಣ್ಣಿಗೆ ಬಿದ್ದದ್ದು ಸಂಕಲ್ಪವಲ್ಲ, ಅಲ್ಲಿನ ರಾಜಿ. ಯಶೋಧರನಿಗೆ ಬಲಿ ತಪ್ಪು ಎಂದು ಗೊತ್ತಿದೆ. ತಾಯಿಗೆ ಬಲಿ ಬೇಕೇ ಬೇಕು. ಹಿಟ್ಟಿನ ಹುಂಜ ಆ ಎರಡರ ನಡುವೆ ಕಂಡುಕೊಂಡ ಜಾಣತನ: ಮಾಡಬೇಕೆಂದದ್ದನ್ನು ಮಾಡಿಯೂ ಮಾಡದವರಂತೆ ಉಳಿಯುವುದು. ನೇರವಾಗಿ ಒಂದು ಕೋಳಿ ಕಡಿದಿದ್ದರೆ ಅದು ಕೊಲೆ ಎಂದು ಅವನಿಗೆ ಗೊತ್ತಿರುತ್ತಿತ್ತು. ಮುಳ್ಳು ಒತ್ತಿದ ಕೊಕ್ಕೆ, ಒದ್ದೆ ಕೈ, ರಬ್ಬರಿನ ಕಪ್ಪೆ, ಇವೆಲ್ಲ ಸೇರಿ ನನಗೂ ಅಂಥದೊಂದು ಜಾಣತನ ಸಿಕ್ಕಿತ್ತು. ಹುಂಜ ಕೂಗಿದ್ದು ನನಗೆ ಕೇಳಿಸಿದ್ದು ಮಿಂಚುಳ್ಳಿ ಎರಡನೆಯ ಸಲ ನೀರಿಗೆ ಬಿದ್ದಾಗ.

ಹಿಡಿದು ಬಿಡುವುದನ್ನೇ ತಳ್ಳಿಹಾಕುತ್ತಿದ್ದೇನೆ ಎಂದು ತಿಳಿಯಬಾರದು. ಕಾವೇರಿಯ ಗಾಲಿಬೋರೆ, ಭೀಮೇಶ್ವರಿಗಳ ಮಹಶೀರ್ ಕಥೆ ಇದಕ್ಕೆ ವಿರುದ್ಧ ಸಾಕ್ಷಿ. ಅಲ್ಲಿ ರಾಗಿ ಮುದ್ದೆಯನ್ನೇ ಕೊಕ್ಕೆಗೆ ಮೆತ್ತಿ ಗಾಳ ಹಾಕುತ್ತಿದ್ದರು. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರು ಗಾಳದವರಿಗೆ ದಾರಿ ತೋರಿಸುವ ಕೆಲಸಕ್ಕೆ ಸೇರಿ ಅದೇ ಮೀನಿನ ಕಾವಲುಗಾರರಾದರು. ಆ ಮಹಶೀರ್‌ಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಗೊತ್ತುಮಾಡಿದ್ದು, ತೀವ್ರ ಅಪಾಯದಲ್ಲಿದೆ ಎಂದು ಘೋಷಿಸಿದ್ದು 2018ರಲ್ಲಿ. ಅದು ಇದೆಯೇ ಇಲ್ಲವೇ ಎಂಬ ಲೆಕ್ಕ ಸಿಕ್ಕಿದ್ದರಲ್ಲಿ ಹಿಡಿದು ಬಿಟ್ಟವರ ದಾಖಲೆಗಳ ಪಾಲೂ ಇದೆ. ಬಿಡುವುದರಿಂದ ಅಲ್ಲಿ ಮೀನಿಗೆ ಏನೋ ಸಿಕ್ಕಿತು. ನನ್ನ ಕೆರೆಯಲ್ಲಿ ಸಿಕ್ಕಿದ್ದು ನನಗೆ ಮಾತ್ರ.

ಇನ್ನು ಟೆಂಡರಿನವರ ವಾದವೂ ಇದೆ. ಅವರು ದುಡ್ಡು ಕೊಟ್ಟು ಕಾಟ್ಲಾ ರೋಹು ಮರಿ ಬಿಟ್ಟಿರುತ್ತಾರೆ, ಕೊರವ ಅವನ್ನು ತಿನ್ನುತ್ತದೆ. ಅವರ ಕಣ್ಣಲ್ಲಿ ಆ ಇಟ್ಟಿಗೆ ಬಣ್ಣದ ನೂರಾರು ಮರಿಗಳು ನಾಳೆಯ ನೂರಾರು ಕಳ್ಳರು. ಅವರಿಗೆ ನನ್ನ ತಪ್ಪು ಉಪಕಾರವಾಗಿ ಕಂಡೀತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಇರುವ ಅಗತ್ಯವೂ ಇಲ್ಲ ಅನ್ನಿಸುತ್ತದೆ. ನನ್ನನ್ನು ಕಾಡುವುದು ಎಷ್ಟು ಮರಿ ಸತ್ತವು ಎಂಬುದಲ್ಲ. ಕನ್ನಡದಲ್ಲಿ ಗಾಳ ಹಾಕುವುದು ಎಂದರೆ ಮರುಳು ಮಾಡುವುದು ಎಂಬ ಅರ್ಥವೂ ಇದೆ. ಮರುಳು ಮಾಡುವುದರಲ್ಲೂ ಮೇಲುಕೀಳು ಇದೆಯೇ? ಮಾವನ ರಾಗಿ ಉಂಡೆ ಹಸಿವನ್ನು ಮರುಳು ಮಾಡುತ್ತದೆ. ಹಸಿವಿಗೆ ಕಣ್ಣಿದೆ, ಮೂಗಿದೆ, ಎಷ್ಟೋ ಸಲ ಉಂಡೆ ತಿಂದು ಕೊಕ್ಕೆ ಬಿಟ್ಟು ಹೋಗುತ್ತದೆ, ಮಾವ ಬೈದುಕೊಂಡು ಇನ್ನೊಂದು ಉಂಡೆ ಕಟ್ಟುತ್ತಾರೆ. ಅಲ್ಲಿ ಮೀನಿಗೂ ಒಂದು ಕೈ ಆಡಲು ಇದೆ. ನಾನು ಮರುಳು ಮಾಡಿದ್ದು ಕಾಯುವುದನ್ನು. ಕಾಯುವವರಿಗೆ ಬಾರದೆ ಇರುವ ಆಯ್ಕೆ ಇಲ್ಲ. ಮಗು ಆಸ್ಪತ್ರೆಯಲ್ಲಿದೆ, ಈಗಲೇ ದುಡ್ಡು ಕಳಿಸಿ ಎಂದು ಅಪ್ಪ ಅಮ್ಮಂದಿರಿಗೆ ಫೋನು ಮಾಡಿ ಮೋಸ ಮಾಡುವವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದಲ್ಲ, ಲಾಟರಿ ಬಂದಿದೆ ಎಂದು ಮೋಸ ಮಾಡುವವರಿಗಿಂತ ಅವರು ಕೀಳು ಎಂದು ನಮಗೆ ಯಾಕೆ ಅನ್ನಿಸುತ್ತದೆ? ಹೋಗುವ ದುಡ್ಡು ಒಂದೇ ಇರಬಹುದು.

ಗಾಳ ಬಿಟ್ಟಿಲ್ಲ. ಬಿಟ್ಟಿದ್ದೇನೆ ಎಂದರೆ ಈ ಬರಹ ಚೆನ್ನಾಗಿ ಕಾಣುತ್ತಿತ್ತು. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಜೊಂಡಿನ ಕಡೆ ಹೋಗುವುದಿಲ್ಲ. ಕಪ್ಪೆ ಪೆಟ್ಟಿಗೆಯಲ್ಲಿದೆ, ಬೇಸಗೆಯಲ್ಲಿ ಹೊರಗೆ ಬರುತ್ತದೆ. ಕಳೆದ ಜುಲೈಯಲ್ಲಿ ಮಾವನ ಜೊತೆ ತೂಬಿನ ಹತ್ತಿರ ಹೋಗಿದ್ದೆ. ಅವರು ಕಲ್ಲು ಇಳಿಬಿಟ್ಟು ದಾರ ಎಳೆದುಕೊಂಡು ಮೊಳ ಹಾಕಿದರು. ಮೂರು ಮೊಳ. ಬೆಂಡು ಸರಿಸುತ್ತ, "ಇವತ್ತು ತಿನ್ನೋಕೋ, ಬಿಡೋಕೋ?" ಎಂದರು.

ಮೀನು ಬರಲಿ, ನೋಡಿ ಹೇಳ್ತೀನಿ ಎಂದೆ.

"ಬಂದ ಮೇಲಲ್ಲ. ಈಗ ಹೇಳು."

ನಾನು ರಾಡನ್ನು ಏರಿಯ ಕಲ್ಲಿಗೆ ಒರಗಿಸಿ ಅವರ ಪಕ್ಕ ಕೂತೆ. ಹಿಟ್ಟಿನ ಡಬ್ಬಿ ನನ್ನ ಕಡೆಗೆ ತಳ್ಳಿದರು. ಹಿ೦ಡಿ ಸ್ವಲ್ಪ ಹೆಚ್ಚಾಗಿತ್ತು, ಉಂಡೆ ಕೈಗೆ ಅಂಟುತ್ತಿತ್ತು. ತಿನ್ನೋಕೆ, ಎಂದೆ. ಅವರು ಬೆಂಡಿನಿಂದ ಕಣ್ಣು ತೆಗೆಯದೆ, ಹಂಗಾದ್ರೆ ದೊಡ್ಡದಾಗಿ ಕಟ್ಟು, ಮನೇಲಿ ಐದು ಜನ ಇದ್ದೀವಿ, ಎಂದರು.